ಹೆಸರು ಮುಚ್ಚಿದ ಸೀಸೆ

ಸಂಘದ ಮಾಸಪತ್ರಿಕೆಯಲ್ಲಿ ವಿಸ್ಕಿಯ ವಿಚಾರವೇ ಎಂದು ಓದುಗ ಮಹಾಶಯರು ಹುಬ್ಬೇರಿಸಬಾರದು. ವರ್ಷಕ್ಕೆ ಒಂದೆರಡು ಸಲ, ಅದೂ ನೆಂಟರ ಬಲವಂತಕ್ಕೆ, ಒಂದು ಗುಟುಕು ಹಾಕುವ ಸಾಮಾನ್ಯ ಗುಮಾಸ್ತ ನಾನು. ಕುಡಿಯಿರೆಂದು ಯಾರಿಗೂ ಹೇಳುವವನಲ್ಲ. ಆದರೆ ಆ ಗುಟುಕು ನನಗೊಂದು ಪಾಠ ಕಲಿಸಿತು. ಅದನ್ನು ಹೇಳದೆ ಇರಲಾರೆ.

ಕಳೆದ ಚಳಿಗಾಲದಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ನನ್ನ ಭಾವಮೈದುನ ದೆಹಲಿಗೆ ಬಂದ. ಸುಂಕದವರು ಬಿಡುವ 2 ಲೀಟರಿನ ಮಿತಿಯನ್ನು ಲೆಕ್ಕ ಹಾಕಿ ಎರಡು ದೊಡ್ಡ ಸೀಸೆ, ಒಂದು ಚಿಕ್ಕ ಸೀಸೆ ರೈ ವಿಸ್ಕಿ ತಂದಿದ್ದ. ಹೆಸರು ಕೇಳಿದ ನನ್ನಾಕೆ, "ಏನೋ, ಸಾಸಿವೆಯಿಂದಲೂ ಸಾರಾಯಿ ತೆಗೀತಾರಾ ಅಲ್ಲಿ?" ಎಂದಳು. ಇಷ್ಟು ವರ್ಷ ದೆಹಲಿಯಲ್ಲಿದ್ದವರಿಗೆ ರಾಯಿ ಎಂದರೆ ಸಾಸಿವೆಯೇ! ಈ ರೈ ಮಾತ್ರ ಗೋಧಿಯ ದಾಯಾದಿ. ಚಳಿಗೂ ಬಡ ಮಣ್ಣಿಗೂ ಜಗ್ಗದ ಧಾನ್ಯ. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು 18ನೆಯ ಶತಮಾನದಲ್ಲೇ ಇದರಿಂದ ವಿಸ್ಕಿ ಬಟ್ಟಿ ಇಳಿಸುತ್ತಿದ್ದರು. 1791ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಮದ್ಯದ ಮೇಲೆ ತೆರಿಗೆ ಹಾಕಿದ್ದಕ್ಕೆ 1794ರಲ್ಲಿ ದಂಗೆಯೇ ಎದ್ದಿತು.

ಅಮೆರಿಕದ ಕಾನೂನಿನಂತೆ ರೈ ವಿಸ್ಕಿ ಎನಿಸಿಕೊಳ್ಳಬೇಕಾದರೆ ಬಳಸಿದ ಧಾನ್ಯದಲ್ಲಿ ನೂರಕ್ಕೆ 51 ಭಾಗವಾದರೂ ರೈ ಇರಬೇಕು. ಒಳಮೈಯನ್ನು ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಟ್ಟಿರಬೇಕು. ಕೆನಡಾದಲ್ಲಿ ರೈ ಇಂತಿಷ್ಟೇ ಇರಬೇಕೆಂಬ ಕಟ್ಟುಪಾಡಿಲ್ಲ. ಮೂರು ವರ್ಷ ಮರದ ಪೀಪಾಯಿಯಲ್ಲಿ ಕಳೆದ ಅಲ್ಲಿನ ವಿಸ್ಕಿಗೆ, ರೈ ಅಲ್ಪಸ್ವಲ್ಪವಿದ್ದರೂ, ಆ ಹೆಸರು ಸಲ್ಲುತ್ತದೆ. ಹೆಸರು ಒಂದೇ, ಅರ್ಥ ಎರಡು. ನಮ್ಮ ದೊಡ್ಡ ಸೀಸೆಗಳು ಅಮೆರಿಕದವು, ಚಿಕ್ಕದು ಕೆನಡಾದ್ದು.

ಮೊದಲ ರಾತ್ರಿ ಸೀಸೆಗಳನ್ನು ಎದುರಿಗಿಟ್ಟುಕೊಂಡೇ ರುಚಿ ನೋಡಿದೆವು. ದುಬಾರಿ ಸೀಸೆಯ ಮೇಲೆ ಹಳೆಯ ಕಾಲದ ಅಕ್ಷರ, ಕೈಯಲ್ಲಿ ಬರೆದಂತಿದ್ದ ಸಂಖ್ಯೆ. ಅದರಲ್ಲಿ ನನಗೆ ಲವಂಗ, ಕರಿಮೆಣಸು, ಬೆಲ್ಲದ ಪಾಕ ಎಲ್ಲವೂ ಕಂಡವು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ಜಂಬದಲ್ಲಿ, ಓಕ್ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುವ ವಿಚಾರವನ್ನೂ ವಿವರಿಸಿದೆ. ಇನ್ನೊಂದು ದೊಡ್ಡ ಸೀಸೆ ಸುಮಾರು, ಚಿಕ್ಕದು ಬರೀ ತೆಳು ಎಂದು ತೀರ್ಪು ಕೊಟ್ಟೆ. "ಭಾವ, ನಿಮ್ಮ ನಾಲಗೆ ಭಲೇ ಚುರುಕು" ಎಂದ ಭಾವಮೈದುನ.

ಮರುದಿನ ನನ್ನಾಕೆ, "ಸೀಸೆ ನೋಡದೆ ಹೇಳ್ರೀ ನೋಡೋಣ" ಎಂದು ಅಡುಗೆಮನೆಯಿಂದ ನಾಲ್ಕು ಸ್ಟೀಲ್ ಲೋಟ ತಂದಿಟ್ಟಳು. ಸ್ಟೀಲಿನಲ್ಲಿ ಬಣ್ಣ ತಿಳಿಯದು. ಲೋಟಗಳ ಅಡಿಯಲ್ಲಿ ಅವಳೇ ಬರೆದ ಚೀಟಿಗಳು. ಮೊದಲನೆಯದು ನಯವಾಗಿದೆ, ಇದೇ ದುಬಾರಿಯದು ಎಂದೆ. ಚೀಟಿ ಎತ್ತಿದರೆ ಕೆನಡಾದ್ದು. ಎರಡನೆಯದು ಒರಟು ಎಂದೆ. ಮೂರನೆಯದು ಪರವಾಗಿಲ್ಲ. ನಾಲ್ಕನೆಯದರಲ್ಲಿ ಲವಂಗದ ಘಮವಿದೆ, ಸೊಗಸಾಗಿದೆ ಎಂದೆ. ಎರಡು ಮತ್ತು ನಾಲ್ಕನೆಯ ಲೋಟಗಳಲ್ಲಿದ್ದದ್ದು ಅದೇ ದುಬಾರಿ ಸೀಸೆಯ ವಿಸ್ಕಿ!

ನಾಲಗೆ ದಣಿದಿತ್ತು, ಲೋಟಗಳ ಸರದಿ ಹಾಗಿತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಮೊದಲ ರಾತ್ರಿಯೂ ನಾಲಗೆ ದಣಿದಿರಲಿಲ್ಲವೇ? ಆಗ ಮಾತ್ರ ತೀರ್ಪಿನಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೋಸಹೋದವನು ನಾನೊಬ್ಬನೇ ಅಲ್ಲ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಪ್ರಯೋಗದಲ್ಲಿ ಬಿಳಿಯ ದ್ರಾಕ್ಷಾರಸಕ್ಕೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಆ ವಿದ್ಯೆಯನ್ನೇ ಓದುತ್ತಿದ್ದ 54 ಮಂದಿ ಅದರ ವಾಸನೆಯನ್ನು ಕೆಂಪು ದ್ರಾಕ್ಷಾರಸಕ್ಕೆ ಹೇಳುವ ಮಾತುಗಳಲ್ಲೇ ಬಣ್ಣಿಸಿದ್ದರು.

ಹಾಗಾದರೆ ರುಚಿಯೆಂಬುದೇ ಸುಳ್ಳೇ? ಹಾಗೆನ್ನಲಾಗದು. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯನ್ನು ಕುರಿತು ಬರೆದ ಪ್ರಬಂಧದಲ್ಲಿ 'ಡಾನ್ ಕ್ವಿಕ್ಸೋಟ್' ಕಾದಂಬರಿಯ ಒಂದು ಕಥೆಯನ್ನು ನೆನೆಯುತ್ತಾನೆ. ಇಬ್ಬರು ಪೀಪಾಯಿಯ ಮದ್ಯದ ರುಚಿ ನೋಡಿದರು. ಒಬ್ಬ ಚರ್ಮದ ವಾಸನೆಯೆಂದ, ಇನ್ನೊಬ್ಬ ಕಬ್ಬಿಣದ ರುಚಿಯೆಂದ. ಎಲ್ಲರೂ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ಸಿಕ್ಕಿದ್ದು ಚರ್ಮದ ದಾರ ಕಟ್ಟಿದ ಒಂದು ಬೀಗದ ಕೈ! ಅಂದರೆ ವಸ್ತುವಿನಲ್ಲಿ ಗುಣ ಇದ್ದೇ ಇರುತ್ತದೆ, ಸೂಕ್ಷ್ಮ ನಾಲಗೆ ಅದನ್ನು ಹಿಡಿಯಲೂಬಲ್ಲದು. ಆದರೆ ಕಣ್ಣು ಅಡ್ಡ ಬಂದು, ನಾಲಗೆಗಿಂತ ಮೊದಲೇ ತೀರ್ಪು ಬರೆದುಬಿಟ್ಟರೆ?

ನನ್ನನ್ನು ಕಾಡಿದ ಪ್ರಶ್ನೆ ಇದು. ಮೊದಲ ರಾತ್ರಿ ನಾನು ಸುಳ್ಳು ಹೇಳಿರಲಿಲ್ಲ. ಅನಿಸಿದ್ದನ್ನೇ ಹೇಳಿದೆ. ಸುಳ್ಳು ಹೇಳದೆಯೂ ಅನ್ಯಾಯ ಮಾಡಬಹುದೇ? ವಿಸ್ಕಿಗೆ ಅನ್ಯಾಯವಾದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ನನಗೆ ಬೇರೊಂದು ಸಂಗತಿ ನೆನಪಾಗಿ ಎದೆ ಧಸಕ್ಕೆಂದಿತು.

ಕಳೆದ ರಾಜ್ಯೋತ್ಸವಕ್ಕೆ ಮಕ್ಕಳ ಪ್ರಬಂಧ ಸ್ಪರ್ಧೆ ನಡೆದಾಗ ತೀರ್ಪುಗಾರ ನಾನೇ. ಹಾಳೆಗಳ ನೆತ್ತಿಯ ಮೇಲೆ ಹೆಸರುಗಳಿದ್ದವು. ಮೊದಲ ಬಹುಮಾನ ಒಬ್ಬ ಪ್ರಾಧ್ಯಾಪಕರ ಮಗನಿಗೆ ಹೋಯಿತು, ಎರಡನೆಯದು ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರ ಮಗಳಿಗೆ. ಹಾಳೆಗಳು ನನ್ನ ಬೀರುವಿನಲ್ಲೇ ಇದ್ದವು. ಹೆಸರುಗಳ ಮೇಲೆ ಕಾಗದ ಅಂಟಿಸಿ, ವಾರ ಬಿಟ್ಟು ಮತ್ತೆ ಓದಿದೆ. ಇಬ್ಬರೂ ಮಹಾಪ್ರಾಣಗಳಲ್ಲಿ ಎಡವಿದ್ದರು. ಹುಡುಗನ ತಪ್ಪಿನ ಪಕ್ಕದಲ್ಲಿ ನಾನು 'ಅವಸರ' ಎಂದು ಬರೆದಿದ್ದೆ, ಹುಡುಗಿಯ ತಪ್ಪಿನ ಪಕ್ಕದಲ್ಲಿ 'ಅಭ್ಯಾಸ ಸಾಲದು' ಎಂದು. ಒಂದೇ ಸೀಸೆ, ಎರಡು ಲೋಟ! ವಿಚಾರದಲ್ಲಿ ಹುಡುಗಿಯ ಬರಹವೇ ಮೇಲು.

ನಾನು ಅಪ್ರಾಮಾಣಿಕನಲ್ಲ ಎಂದು ಈಗಲೂ ಎದೆ ತಟ್ಟಿ ಹೇಳಬಲ್ಲೆ. ಆದರೆ ಅದರಿಂದ ಆ ಹುಡುಗಿಗೆ ಬಂದ ಭಾಗ್ಯವೇನು? ನ್ಯಾಯವಾಗಿ ನಡೆಯಬೇಕೆಂಬ ಸಂಕಲ್ಪವೊಂದೇ ಸಾಲದು. ನಮ್ಮ ಕಣ್ಣನ್ನು ನಾವೇ ನಂಬದಂತೆ, ಲೋಟದಡಿಯ ಚೀಟಿಯಂಥ ಒಂದು ಏರ್ಪಾಡೂ ಬೇಕು. ಇನ್ನು ಮುಂದೆ ಹಾಳೆಯ ಮೇಲೆ ಕ್ರಮಸಂಖ್ಯೆ ಮಾತ್ರ ಇರಲಿ ಎಂದು ಕೇಳಿಕೊಂಡೆ, ಕಾರ್ಯದರ್ಶಿಗಳು ಒಪ್ಪಿದ್ದಾರೆ.

ಹೋದ ಭಾನುವಾರ ಆ ಹುಡುಗಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ತಂದೆ, "ಇರಲಿ ಬಿಡಿ ಸಾರ್, ಮಕ್ಕಳ ಸ್ಪರ್ಧೆ" ಎಂದು ಕಾಫಿ ತರಿಸಿದರು. ಹುಡುಗಿ ಮಾತ್ರ ಬಾಗಿಲ ಬಳಿ ನಿಂತು, "ಹಾಗಾದ್ರೆ ಅಂಕಲ್, ನಾನು ಬರೆದಿದ್ದು ನಿಜವಾಗ್ಲೂ ಚೆನ್ನಾಗಿತ್ತಾ?" ಎಂದು ಕೇಳಿದಳು.

"ಚೆನ್ನಾಗಿತ್ತಮ್ಮ" ಎಂದೆ. ಈ ಸಲ ಅದು ಹೆಸರು ನೋಡದೆ ಕೊಟ್ಟ ತೀರ್ಪು.