ಕವರಿನ ಮೇಲೆ ಯಾರ ಮುಖ?

ಗಿರಾಕಿಯನ್ನು ಮೆಚ್ಚಿಸುವುದೂ ಗಿರಾಕಿಯನ್ನು ಗೌರವಿಸುವುದೂ ಒಂದೇನಾ? ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವ ನನ್ನಂಥವರಿಗೆ ಈ ಪ್ರಶ್ನೆ ಕೇಳಿಕೊಳ್ಳಲು ಪುರುಸೊತ್ತು ಸಿಗುವುದು ಕಡಿಮೆ. ಪ್ರಾಜೆಕ್ಟಿನ ಆರಂಭದಲ್ಲೇ ‘ಪರ್ಸೋನಾ’ ಅಂತ ಒಂದು ಪುಟ ತಯಾರಾಗುತ್ತದೆ: ಬಳಕೆದಾರರ ವಯಸ್ಸೆಷ್ಟು, ಅವರಿಗೇನು ಇಷ್ಟ, ಏನು ಕಂಡರೆ ಕ್ಲಿಕ್ ಮಾಡುತ್ತಾರೆ. ಅದನ್ನು ನಾವು ಬಳಕೆದಾರರ ಚಿತ್ರ ಎಂದು ಕರೆಯುತ್ತೇವೆ. ನಿಜ ಹೇಳಬೇಕೆಂದರೆ ಅದು ಅವರ ಬಗ್ಗೆ ನಮಗಿರುವ ಅಭಿಪ್ರಾಯ. ಈ ವ್ಯತ್ಯಾಸ ನನಗೆ ಹೊಳೆದದ್ದು ಹಳೆಯ ಜಾಝ್ ರೆಕಾರ್ಡುಗಳ ಕವರುಗಳನ್ನು ನೋಡುತ್ತಾ.

ಒಂದು ಕಾಲದಲ್ಲಿ ರೆಕಾರ್ಡುಗಳು ಹೆಚ್ಚಾಗಿ ಚಿತ್ರವಿಲ್ಲದ, ಮಂಕು ಬಣ್ಣದ ರಟ್ಟಿನ ಹೊದಿಕೆಯಲ್ಲಿ ಬರುತ್ತಿದ್ದವು. 1938ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಗೆ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವ ಕಲಾವಿದ ಅದರ ಮೇಲೆ ಚಿತ್ರ ಬಿಡಿಸುವ ಪದ್ಧತಿಗೆ ದಾರಿ ಮಾಡಿದ. ಆದರೆ ಸಂಗೀತವನ್ನು ಕಣ್ಣಿಗೆ ತೋರಿಸುವುದು ಹೇಗೆ? ಆಗುವುದಿಲ್ಲ. ಹಾಗಾಗಿ ಕವರು ಸಂಗೀತದ ಬದಲು ಕೇಳುಗನ ಬಗ್ಗೆ ಮಾತಾಡತೊಡಗಿತು: ‘ಇದು ನಿಮ್ಮಂಥವರಿಗೆ’ ಎಂದು. ಆ ‘ನಿಮ್ಮಂಥವರು’ ಯಾರು ಎಂಬುದನ್ನು ತೀರ್ಮಾನಿಸಿದ್ದು ಮಾರುವವನು.

1957ರಲ್ಲಿ ಅದೇ ಕೊಲಂಬಿಯಾ ಕಂಪನಿ ಮೈಲ್ಸ್ ಡೇವಿಸ್‌ನ ‘ಮೈಲ್ಸ್ ಅಹೆಡ್’ ಹೊರತಂದಿತು. ಟ್ರಂಪೆಟ್ ನುಡಿಸಿದವನು ಕರಿಯ. ಕವರಿನ ಮೇಲೆ ಕಂಡದ್ದು ಹಾಯಿದೋಣಿಯಲ್ಲಿ ಕುಳಿತ ಒಬ್ಬ ಬಿಳಿಯ ಹೆಂಗಸು, ಜೊತೆಗೊಂದು ಮಗು. ಅಂದಿನ ಅಮೆರಿಕದಲ್ಲಿ ಇದು ಅಪರೂಪದ ಸಂಗತಿಯೇನಲ್ಲ. ಕರಿಯರ ಸಂಗೀತದ ಮೇಲೆ ಬಿಳಿಯ ರೂಪದರ್ಶಿಯ ಚಿತ್ರ ಹಾಕಿ ಮಾರುವುದು ರೂಢಿಯಲ್ಲಿತ್ತು. ಡೇವಿಸ್ ಸಿಟ್ಟಾದ. ಮುಂದಿನ ಮುದ್ರಣಗಳಲ್ಲಿ ಅವನದೇ ಫೋಟೋ ಬಂತು. 1961ರ ‘ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್’ ಕವರಿಗೆ ಅವನು ಪಟ್ಟು ಹಿಡಿದು ತನ್ನ ಹೆಂಡತಿ, ನರ್ತಕಿ ಫ್ರಾನ್ಸಿಸ್ ಟೇಲರಳ ಚಿತ್ರ ಹಾಕಿಸಿದ. ಅಂದರೆ ಕವರಿನ ಮೇಲೆ ಹೆಂಗಸಿನ ಚಿತ್ರವಿರುವುದರ ಬಗ್ಗೆ ಅವನ ತಕರಾರಿರಲಿಲ್ಲ.

ಅದೇ ವರ್ಷಗಳಲ್ಲಿ, ಅದೇ ಜಾಝ್ ಸಂಗೀತಕ್ಕೆ ಬ್ಲೂ ನೋಟ್ ಎಂಬ ಸಣ್ಣ ಕಂಪನಿ ಬೇರೆಯೇ ಅಂಗಿ ತೊಡಿಸುತ್ತಿತ್ತು. 1939ರಲ್ಲಿ ನ್ಯೂಯಾರ್ಕಿನಲ್ಲಿ ಅದು ಶುರುವಾದಾಗ ಮುಂದೆ ನಿಂತವನು ಬರ್ಲಿನ್‌ನಿಂದ ವಲಸೆ ಬಂದ ಆಲ್ಫ್ರೆಡ್ ಲಯನ್. ಅವನ ಬಾಲ್ಯದ ಗೆಳೆಯ ಫ್ರಾನ್ಸಿಸ್ ವುಲ್ಫ್ ನಾಜಿಗಳಿಂದ ತಪ್ಪಿಸಿಕೊಂಡು ಬಂದು ಜೊತೆಯಾದ. ಧ್ವನಿಮುದ್ರಣ ನಡೆಯುವಾಗಲೇ ವುಲ್ಫ್ ಫೋಟೋ ತೆಗೆಯುತ್ತಿದ್ದ: ಬೆವರು, ಸಿಗರೇಟಿನ ಹೊಗೆ, ಯೋಚನೆಯಲ್ಲಿ ಮುಳುಗಿದ ಮುಖ. ರೀಡ್ ಮೈಲ್ಸ್ ಎಂಬ ವಿನ್ಯಾಸಕ ಆ ಫೋಟೋಗಳನ್ನು ಕತ್ತರಿಸಿ, ದೊಡ್ಡ ಅಕ್ಷರಗಳನ್ನು ಜೋಡಿಸಿ, ಎಷ್ಟೋ ಸಲ ಕಪ್ಪಿನ ಜೊತೆ ಇನ್ನೊಂದೇ ಬಣ್ಣ ಬಳಸಿ ನೂರಾರು ಕವರು ಮಾಡಿದ. ಖರ್ಚು ಉಳಿಸುವ ಲೆಕ್ಕವೂ ಅದರಲ್ಲಿತ್ತು. ತಮಾಷೆಯೆಂದರೆ ಅವನಿಗೆ ಜಾಝ್ ಹುಚ್ಚಿರಲಿಲ್ಲ. ಇಷ್ಟವಾಗಿದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಹಾಗಾಗಿ ಸಂಗೀತದ ಮೇಲಿನ ಭಕ್ತಿಯೊಂದೇ ಗೌರವಕ್ಕೆ ಆಧಾರ ಎನ್ನುವಂತಿಲ್ಲ.

ಎರಡೂ ಕವರುಗಳು ಮಾರುವುದಕ್ಕೆಂದೇ ಮಾಡಿದವು. ಒಂದು ಕಲೆ, ಇನ್ನೊಂದು ವ್ಯಾಪಾರ ಎಂದು ವಿಂಗಡಿಸಿದರೆ ನಮಗೇ ಮೋಸ ಮಾಡಿಕೊಂಡಂತೆ. ವ್ಯತ್ಯಾಸವಿರುವುದು ಕೊಳ್ಳುವವನನ್ನು ಏನೆಂದು ತಿಳಿದಿದ್ದಾರೆ ಎಂಬುದರಲ್ಲಿ. ಬ್ಲೂ ನೋಟ್ ಕವರು ‘ಇವನು ಕೆಲಸ ಮಾಡುತ್ತಿದ್ದಾನೆ, ನಿಮಗದು ಅರ್ಥವಾಗುತ್ತದೆ’ ಎನ್ನುತ್ತದೆ. ದೋಣಿಯ ಕವರಿನ ಒಳಮಾತು ‘ಇವನ ಮುಖ ನಿಮ್ಮ ಮನೆಯ ಹಾಲಿನಲ್ಲಿ ನಿಮಗೆ ಬೇಕಾಗಲಿಕ್ಕಿಲ್ಲ’ ಎಂದು. ಇದರಿಂದ ಅವಮಾನವಾದದ್ದು ಡೇವಿಸ್‌ಗಷ್ಟೇ ಅಲ್ಲ, ಹಣ ಕೊಟ್ಟು ಕೊಂಡ ಬಿಳಿಯ ಗಿರಾಕಿಗೂ.

‘ಮಾರುಕಟ್ಟೆ ಹಾಗಿತ್ತು, ಅವರೇನು ಮಾಡಲು ಸಾಧ್ಯ?’ ಎಂದು ನೀವು ಕೇಳಬಹುದು. ಮೀಟಿಂಗುಗಳಲ್ಲಿ ನಾನು ದಿನವೂ ಕೇಳುವ ಮಾತಿದು. ಆದರೆ ಎರಡನೆಯ ಬಗೆಯ ಕವರನ್ನು ಅಂಗಡಿಯಲ್ಲಿ ಇಡದೆ ಮೊದಲನೆಯದೇ ಜನರಿಗಿಷ್ಟ ಎಂದು ಹೇಳುವುದು ಹೇಗೆ? ನಮ್ಮ ಊಹೆಯನ್ನೇ ಜನರ ಮುಂದಿಟ್ಟು, ಅವರು ಅದನ್ನು ಕೊಂಡಾಗ ‘ನೋಡಿ, ಡೇಟಾ ಹೇಳುತ್ತಿದೆ’ ಎನ್ನುತ್ತೇವೆ. ಎರಡನ್ನೂ ಇಟ್ಟು ಪರೀಕ್ಷಿಸಿದರೂ ಯಾವುದು ಹೆಚ್ಚು ಮಾರಾಟವಾಯಿತು ಎಂದಷ್ಟೇ ಗೊತ್ತಾಗುತ್ತದೆ. ಯಾವುದು ಮನುಷ್ಯನನ್ನು ಇನ್ನಷ್ಟು ಸಣ್ಣವನಾಗಿಸಿತು ಎಂಬುದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಕಾಲಂ ಇಲ್ಲ.

ಇಲ್ಲಿ ನನಗೆ ನೆರವಾಗುವುದು ಕಾಂಟ್. 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆಯುತ್ತಾ ಅವನೊಂದು ಒರೆಗಲ್ಲು ಕೊಟ್ಟ: ಇತರರ ಹಕ್ಕಿಗೆ ಸಂಬಂಧಿಸಿದ ಕೆಲಸದ ಹಿಂದಿರುವ ಸೂತ್ರವನ್ನು ಬಹಿರಂಗವಾಗಿ ಹೇಳಲಾಗದಿದ್ದರೆ ಆ ಕೆಲಸ ಅನ್ಯಾಯದ್ದು. ಅವನು ಹೇಳಿದ್ದು ರಾಜಕೀಯದ ಬಗ್ಗೆ. ನಾನದನ್ನು ಅಂಗಡಿಗೆ ತರುತ್ತೇನೆ. ಈ ಕವರನ್ನು ಯಾಕೆ ಆರಿಸಿದೆವು ಎಂಬುದನ್ನು ಗಿರಾಕಿಯ ಮುಖ ನೋಡಿ ಹೇಳಬಹುದೇ? ಬ್ಲೂ ನೋಟ್ ತನ್ನ ಕಾರಣವನ್ನು ಹೇಳಬಹುದಿತ್ತು. ದೋಣಿಯ ಕವರಿನವರು ಬಾಯಿ ಬಿಡುವ ಹಾಗಿರಲಿಲ್ಲ.

ಈಗ ಸಂಗತಿ ಇನ್ನೂ ಮುಂದೆ ಹೋಗಿದೆ. ಒಂದೇ ಸಿನಿಮಾಕ್ಕೆ ಬೇರೆಬೇರೆ ನೋಡುಗರಿಗೆ ಬೇರೆಬೇರೆ ಚಿತ್ರ ತೋರಿಸುತ್ತೇವೆ ಎಂದು ನೆಟ್‌ಫ್ಲಿಕ್ಸ್ 2017ರಲ್ಲಿ ತಾನೇ ವಿವರಿಸಿತು. 1957ರ ಕವರು ಎಲ್ಲರ ಕಣ್ಣಿಗೂ ಒಂದೇ ಆಗಿತ್ತು. ಡೇವಿಸ್ ಅದನ್ನು ನೋಡಿದ, ಜಗಳವಾಡಿದ, ಬದಲಾಯಿಸಿದ. ನಿಮಗೆ ಮಾತ್ರ ಕಾಣುವ ಕವರಿನ ಬಗ್ಗೆ ಜಗಳವಾಡುವವರು ಯಾರು? ನನಗೆ ಕಂಡದ್ದು ನಿಮಗೆ ಕಾಣುವುದಿಲ್ಲ. ಕೇಳಿದರೆ ಕಾರಣ ಹೇಳಬೇಕಾದ ಜಾಗದಲ್ಲಿ ಅಲ್ಗಾರಿದಮ್ ಕೂತಿದೆ, ಅದಕ್ಕೆ ನಾಚಿಕೆಯಿಲ್ಲ.

ನಾಚಿಕೆ ಪಡುವ ಕೆಲಸ ಅದನ್ನು ಕಟ್ಟುವ ನಮ್ಮ ಪಾಲಿಗೆ ಉಳಿದಿದೆ. ನಾನೀಗ ಪರ್ಸೋನಾ ಪುಟದ ಕೊನೆಗೆ ಒಂದು ಸಾಲು ಸೇರಿಸುತ್ತೇನೆ: ‘ಇದನ್ನು ಈ ವ್ಯಕ್ತಿಗೇ ಓದಿ ಹೇಳಬಹುದೇ?’ ಟೀಮಿನ ಹುಡುಗರು ನಗುತ್ತಾರೆ. ಆದರೆ ಪುಟದ ಒಂದೆರಡು ಸಾಲುಗಳನ್ನು ಅವರೇ ಅಳಿಸಿಹಾಕುತ್ತಾರೆ.