ಇಂದಿನ ಧಮ್ಮ ಚಿಂತನೆ: ಕೊಟ್ಟವರು ಯಾರು?

 

ಕಳೆದ ಭಾನುವಾರದ ಅಧ್ಯಯನಕ್ಕೆ ಬಾರದವರಿಗಾಗಿ ಮೊದಲು ವಿಷಯ ಹೇಳಿಬಿಡುತ್ತೇನೆ. ಬುದ್ಧ ಪೂರ್ಣಿಮೆಗೆ ಪ್ರತಿವರ್ಷ ಒಂದು ಧಮ್ಮ ಉಪನ್ಯಾಸ ನಡೆಸಬೇಕೆಂಬುದು ನಮ್ಮ ಹಳೆಯ ಆಸೆ. ಅದಕ್ಕೆ ದತ್ತಿ ಇಡಲು ನಮ್ಮವರೇ ಒಬ್ಬರು ಮುಂದೆ ಬಂದಿದ್ದಾರೆ. ಒಳ್ಳೆಯ ಮನಸ್ಸಿನವರು, ಆದರೆ ಅವರ ಸಂಪಾದನೆ ಬಾರಿನದು. ಸಭೆಯ ಮೊದಲಿಗೆ ಐದನೆಯ ಶೀಲವನ್ನು ಗಟ್ಟಿಯಾಗಿ ಹೇಳುವಾಗ ವೇದಿಕೆ ಮೇಲಿನ ಅವರು ಎತ್ತ ನೋಡಬೇಕು, ನಾವು ಎತ್ತ ನೋಡಬೇಕು?

ಮನೆಗೆ ಬಂದ ಮೇಲೆ ನನಗೆ ನೆನಪಾದದ್ದು ಇಂಗ್ಲೆಂಡಿನ ಹಿಬ್ಬರ್ಟ್ ದತ್ತಿ. ರಾಬರ್ಟ್ ಹಿಬ್ಬರ್ಟ್ ಎಂಬ ವರ್ತಕ 1847ರಲ್ಲಿ ಅದನ್ನು ಸ್ಥಾಪಿಸಿದ. ಧರ್ಮದ ವಿಷಯದಲ್ಲಿ ಮನುಷ್ಯ ತನ್ನ ಬುದ್ಧಿಯಿಂದಲೇ ತೀರ್ಮಾನಿಸುವಂತಾಗಬೇಕು ಎಂಬುದು ಅದರ ಉದ್ದೇಶಗಳಲ್ಲೊಂದು. ಅವನು ತೀರಿಹೋದ ಎಷ್ಟೋ ಕಾಲದ ಮೇಲೆ, 1878ರಲ್ಲಿ, ಆ ಹಣದಿಂದ ಲಂಡನ್ನಿನಲ್ಲಿ ಉಪನ್ಯಾಸ ಮಾಲೆ ಶುರುವಾಯಿತು. ಮೊದಲು ಮಾತಾಡಿದವರು ಮ್ಯಾಕ್ಸ್ ಮುಲ್ಲರ್. 1881ರಲ್ಲಿ ರೀಸ್ ಡೇವಿಡ್ಸ್ ಭಾರತದ ಬೌದ್ಧಧರ್ಮದ ಬಗ್ಗೆ ಮಾತಾಡಿದರು. ಪಾಲಿ ಟೆಕ್ಸ್ಟ್ ಸೊಸೈಟಿ ಹುಟ್ಟುತ್ತಿರುವ ಸುದ್ದಿಯನ್ನು ಅವರು ಪ್ರಕಟಿಸಿದ್ದು ಆ ಉಪನ್ಯಾಸಗಳಲ್ಲೇ. ತಾಳೆಗರಿಗಳಲ್ಲಿದ್ದ ಪಾಲಿ ಗ್ರಂಥಗಳು ಒಂದೊಂದಾಗಿ ಅಚ್ಚಾಗಿ ಜಗತ್ತಿನ ಕೈಗೆ ಬರುವಲ್ಲಿ ಆ ಸಂಸ್ಥೆಯ ಪಾಲು ಬಹಳ ದೊಡ್ಡದು. ನಮ್ಮ ಓದಿನ ಹಿಂದೆಯೂ ಆ ಋಣವಿದೆ.

ಹಿಬ್ಬರ್ಟನ ಸಂಪತ್ತಿನ ಬುಡ ಇದ್ದದ್ದು ಜಮೈಕಾದಲ್ಲಿ. ಅಲ್ಲಿ ಅವನಿಗೆ ಕಬ್ಬಿನ ತೋಟವಿತ್ತು, ತೋಟದಲ್ಲಿ ಆಫ್ರಿಕಾ ಮೂಲದ ಗುಲಾಮರಿದ್ದರು. ಭಗವಾನರು ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಮದ್ಯವೂ ಇದೆ, ಜೀವಿಗಳ ಮಾರಾಟವೂ ಇದೆ. ಜೀವಿಗಳ ಮಾರಾಟವೆಂದರೆ ಮನುಷ್ಯರನ್ನು ಮಾರುವುದು ಎಂದೇ ಅಟ್ಠಕಥೆ ಹೇಳುತ್ತದೆ.

1817ರಲ್ಲಿ ಹಿಬ್ಬರ್ಟ್ ಸ್ವಂತ ಖರ್ಚಿನಲ್ಲಿ ಥಾಮಸ್ ಕೂಪರ್ ಎಂಬ ಪಾದ್ರಿಯನ್ನು ಆ ತೋಟಕ್ಕೆ ಕಳಿಸಿದ, ಗುಲಾಮರಿಗೆ ಧರ್ಮ ಬೋಧಿಸಲೆಂದು. ಕೇಳಲು ಅವರಿಗೆ ಹೊತ್ತೆಲ್ಲಿತ್ತು? ವಾರವೆಲ್ಲ ಧಣಿಯ ಕಬ್ಬು. ಭಾನುವಾರ ತಮ್ಮ ಹೊಟ್ಟೆಪಾಡಿಗೆ ತುಂಡು ನೆಲ, ಆಮೇಲೆ ಸಂತೆ. 1821ರಲ್ಲಿ ಕೂಪರ್ ಹಿಂದಿರುಗಿದ. ಅವನು ಕಂಡದ್ದು 1824ರಲ್ಲಿ ಅಚ್ಚಾಯಿತು. ಹಿಬ್ಬರ್ಟ್ ಅದನ್ನು ಅಲ್ಲಗಳೆದು ತಾನೂ ಅಚ್ಚು ಹಾಕಿಸಿದ. ಕಳಿಸಿದವನ ಅನ್ನ ಉಂಡೂ ಅವನ ತೋಟದ ಸತ್ಯ ಹೇಳಿದನಲ್ಲ, ಈ ಕಥೆಯಲ್ಲಿ ನನಗೆ ಹತ್ತಿರದವನು ಆ ಪಾದ್ರಿಯೇ.

ಭಗವಾನರು ಗಣಿಕೆಯಾದ ಅಂಬಪಾಲಿಯ ಊಟ ಸ್ವೀಕರಿಸಿದರು, ಅವಳ ಮಾವಿನ ತೋಪನ್ನೂ ಸ್ವೀಕರಿಸಿದರು. ಅದೇ ಭಗವಾನರು, ತಮ್ಮ ಗಾಥೆಗಳನ್ನು ಕೇಳಿ ಮೆಚ್ಚಿ ಕಸಿ ಭಾರದ್ವಾಜ ತಂದ ಪಾಯಸವನ್ನು ಮುಟ್ಟಲಿಲ್ಲ. ಗಾಥೆ ಹೇಳಿ ಪಡೆದ ಅನ್ನ ಅವರಿಗೆ ಸಲ್ಲದು. ಅಂದರೆ ಕೊಡುವವರ ಕಸುಬಿಗಿಂತ, ಕೊಟ್ಟದ್ದು ಮಾತಿನ ಬೆಲೆಯಾಗುತ್ತದೆಯೇ ಎಂಬುದನ್ನು ಅವರು ನೋಡಿದರು ಎಂದು ನನ್ನ ತಿಳಿವಳಿಕೆ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ವಾರ್ಷಿಕ ಸಮ್ಮೇಳನಕ್ಕೆ ಬಾಬಾಸಾಹೇಬರು ಅಧ್ಯಕ್ಷರಾಗಬೇಕಿತ್ತು. ಭಾಷಣ ಬದಲಿಸಿ ಎಂದರು ಕರೆದವರು. ಅಲ್ಪವಿರಾಮವನ್ನೂ ಬದಲಿಸಲು ಅವರು ಒಪ್ಪಲಿಲ್ಲ. ವೇದಿಕೆ ಹೋಯಿತು, 'ಜಾತಿ ವಿನಾಶ' ಪುಸ್ತಕವಾಗಿ ಬಂತು.

ಇಷ್ಟನ್ನು ಬರೆದುಕೊಂಡು, ಷರತ್ತಿಲ್ಲದಿದ್ದರೆ ದತ್ತಿ ತೆಗೆದುಕೊಳ್ಳಬಹುದು ಎಂದುಕೊಂಡಿದ್ದೆ. ಆದರೆ ನಿನ್ನೆ ಸಂಜೆ ನಮ್ಮ ಕೂಟದ ಹಿರಿಯ ಅಕ್ಕ ಒಬ್ಬರು ಹಾಲಿನ ಅಂಗಡಿ ಮುಂದೆ ಸಿಕ್ಕರು. "ಮೇಷ್ಟ್ರೇ, ನಮ್ಮೆಜಮಾನ್ರು ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದ್ದು ಆ ಬಾರಿಗೇ ಹೋಯ್ತು. ಈಗ ಆ ದುಡ್ಡು ದಾನವಾಗಿ ಬಂದ್ರೆ, ಕೊಟ್ಟೋರು ಅವ್ರಾ, ನಾನಾ?"

ನಾನು ಕೇಳಿಕೊಳ್ಳದೇ ಇದ್ದ ಪ್ರಶ್ನೆ ಇದು. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿ ರದ್ದುಮಾಡುವಾಗ 2 ಕೋಟಿ ಪೌಂಡ್ ಪರಿಹಾರ ಇಟ್ಟದ್ದು ಮಾಲೀಕರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಉಪನ್ಯಾಸಕ್ಕೆ ಹಿಬ್ಬರ್ಟನ ಹೆಸರು ಉಳಿಯಿತು. ಕಬ್ಬು ಕಡಿದವರ ಹೆಸರಿನಲ್ಲಿ ಯಾರೂ ಉಪನ್ಯಾಸ ಇಡಲಿಲ್ಲ.

ಹಾಗಾಗಿ ಭಾನುವಾರ ನನ್ನ ಸಲಹೆ ಹೀಗಿರುತ್ತದೆ. ಮೊದಲ ವರ್ಷದ ವಿಷಯ ಐದನೆಯ ಶೀಲವೇ ಆಗಲಿ, ನಮ್ಮ ಬೀದಿಯ ಹೆಂಡದ ಲೆಕ್ಕ ಸಮೇತ. ದತ್ತಿಗೆ ಅವರ ಹೆಸರು ಬೇಡ, ಈ ಊರಿನ ಕೂಲಿ ಹೆಣ್ಣುಮಕ್ಕಳ ಹೆಸರಿರಲಿ. ಇವೆರಡಕ್ಕೂ ಅವರು ಒಪ್ಪಿದರೆ ನನ್ನ ಕೈ ಮೇಲೆ. ಇಲ್ಲದಿದ್ದರೆ ತಲೆಗೆ ಐವತ್ತು ರೂಪಾಯಿ ಹಾಕೋಣ, ಶಾಮಿಯಾನ ಇಲ್ಲದೆ ಅರಳಿಮರದ ಕೆಳಗೆ ಕೂರೋಣ. ಅವರಿಗೆ ಇದನ್ನು ಯಾರು ಹೇಳಬೇಕು ಎಂಬುದು ಇನ್ನೂ ಗೊತ್ತಾಗಿಲ್ಲ. ನನಗಂತೂ ಧೈರ್ಯ ಕಡಿಮೆ, ಅವರ ಮಗಳು ನನ್ನ ತರಗತಿಯಲ್ಲೇ ಓದುತ್ತಾಳೆ.

ಫ್ಲೆಕ್ಸ್ ಅಂಗಡಿಯವರು ಸೋಮವಾರದೊಳಗೆ ಹೆಸರು ಕೊಡಿ ಎಂದಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬನ್ನಿ. ಅಕ್ಕನೂ ಬರುತ್ತಾರೆ.