ನೊಂದ ಮಗುವೂ ಗುರುಧರ್ಮವೂ

ಕಾಲು ಮುರಿದ ಬಾಲಕನಿಗೆ ಓಡೆಂದು ಯಾವ ಗುರುವೂ ಹೇಳನು. ಆದರೆ ಮನಸ್ಸು ನೊಂದ ಬಾಲಕನು ಪಾಠವನ್ನೊಪ್ಪಿಸದಿದ್ದರೆ ಸೋಮಾರಿಯೆಂದೂ, ಸಿಟ್ಟಿನಿಂದ ಪುಸ್ತಕವನ್ನೆಸೆದರೆ ದುಷ್ಟನೆಂದೂ ಕರೆಯಲು ಹಿಂಜರಿಯುವವರು ವಿರಳ. ಕಾಣುವ ಗಾಯಕ್ಕೆ ಕರುಣೆ, ಕಾಣದ ಗಾಯಕ್ಕೆ ಬೆತ್ತ! ಇದಾವ ನ್ಯಾಯ?

ಕೋಪ, ಭಯ, ದುಃಖಗಳು ಮಕ್ಕಳಿಗೆ ಸಹಜವಾದುವು, ಬಂದು ಹೋಗತಕ್ಕುವು. ಅವು ಬಹುಕಾಲ ನಿಂತು ಕಲಿಕೆಯನ್ನೂ ಗೆಳೆತನವನ್ನೂ ಕೆಡಿಸುವಂತಾದರೆ ಅದನ್ನು ಬೇನೆಯೆಂದೇ ತಿಳಿಯಬೇಕು. ಒಂದು ಮಗು ಸದಾ ಮೌನಿ. ಇನ್ನೊಂದು ಸಣ್ಣ ಮಾತಿಗೂ ಸಿಡಿಯುವುದು. ಮತ್ತೊಂದಕ್ಕೆ ಶಾಲೆಯ ಹೊತ್ತಾಯಿತೆಂದರೆ ಹೊಟ್ಟೆನೋವು. ಅದೆಲ್ಲವೂ ನಟನೆಯೆಂದು ಬಗೆಯಲಾಗದು. ಭಯವು ಎಷ್ಟೋ ವೇಳೆ ದೇಹದ ಮೂಲಕವೇ ನುಡಿಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಮನೋವ್ಯಾಧಿಯನ್ನೂ ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ.

12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕುಲವನ್ನೆಣಿಸದೆ ಎಲ್ಲರ ನುಡಿಗೂ ಎಡೆಯಿತ್ತರು. ಆ ಪರಂಪರೆಯನ್ನು ನೆನೆಯುವ ಗುರುವು ಶಿಷ್ಯನ ನುಡಿಗೆ ಕಿವಿಗೊಡದಿರಬಹುದೇ? ತರಗತಿಯ ನಡುವೆ ಗದರಿಸುವ ಬದಲು, “ಏನಾಯಿತಪ್ಪಾ?” ಎಂದು ಏಕಾಂತದಲ್ಲಿ ಕೇಳುವುದೇ ಮೊದಲ ಮೆಟ್ಟಿಲು. ಯಾವ ಹೊತ್ತಿನಲ್ಲಿ, ಯಾವುದರ ಬಳಿಕ ಮಗು ಕದಡುವುದೆಂದು ಗಮನಿಸಿ ಬರೆದಿಡಬೇಕು. ಪಾಠವನ್ನು ಸಣ್ಣ ತುತ್ತುಗಳಾಗಿ ಉಣಿಸಬೇಕು. ದಿನಚರಿಯ ಬದಲಾವಣೆಯನ್ನು ಮುಂಚೆಯೇ ತಿಳಿಸಬೇಕು. ಮನಸ್ಸು ತಿಳಿಯಾಗುವವರೆಗೆ ಕುಳಿತಿರಲು ಶಾಂತವಾದ ಒಂದು ಮೂಲೆಯಿರಬೇಕು.

ಇದರಿಂದ ಶಿಸ್ತು ಸಡಿಲವಾಗಬೇಕಾಗಿಲ್ಲ. ಹೊಡೆಯುವ ಮಗುವನ್ನು ತಡೆಯಲೇಬೇಕು, ಪೆಟ್ಟು ತಿಂದ ಮಗುವನ್ನು ಕಾಯಲೇಬೇಕು. ಆದರೆ ತಪ್ಪನ್ನು ತಿದ್ದುವುದು ಬೇರೆ, ಮಗುವನ್ನೇ ತಪ್ಪೆಂದು ಬಗೆಯುವುದು ಬೇರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದಯೆಯನ್ನು ಬೋಧಿಸುವವರಲ್ಲಿ ಈ ನಡೆಯು ಕಾನೂನಿನ ಭಯಕ್ಕೆ ಮೊದಲೇ ನೆಲೆಸಿರಬೇಕು.

ರೋಗನಿರ್ಣಯವು ವೈದ್ಯರ ಕಾಯಕ. ಗುರುತಿಸಿ ದಾರಿ ತೋರುವುದು ಗುರುವಿನ ಕಾಯಕ. ತಾಯಿತಂದೆಗಳನ್ನು ದೂಷಿಸದೆ ಅವರೊಡನೆ ಮಾತಾಡಿ, ಬೇನೆ ಮುಂದುವರಿದರೆ ತಜ್ಞರಲ್ಲಿಗೆ ಕಳುಹಿಸಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯು 14416 ಸಂಖ್ಯೆಯಲ್ಲಿ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಸಾವಿನ ಮಾತನ್ನಾಡಿದ ಮಗುವನ್ನು ಒಂಟಿಯಾಗಿ ಬಿಡಲೇಬಾರದು. ಆ ಮಾತನ್ನು ಗುಟ್ಟೆಂದು ಮುಚ್ಚಿಡಲೂಬಾರದು.

ಅನ್ನದಾಸೋಹವೂ ಅಕ್ಷರದಾಸೋಹವೂ ನಾಡಿನ ಮಠಗಳಲ್ಲಿ ನಡೆದುಬಂದಿವೆ. ಮನೆಯನ್ನಗಲಿ ವಿದ್ಯಾರ್ಥಿನಿಲಯಗಳಲ್ಲಿ ಬೆಳೆಯುವ ಮಕ್ಕಳಿಗೆ ಇನ್ನೊಂದು ದಾಸೋಹವೂ ಬೇಕು: ಬಿಡುವು ಮಾಡಿಕೊಂಡು ಕೇಳುವ ಕಿವಿ. ಗುರುವಾದವನು ಪಾಠವನ್ನಾರಂಭಿಸುವ ಮುನ್ನ, ಹಿಂದಿನ ಸಾಲಿನ ಮೌನಿಯನ್ನು ಒಮ್ಮೆ ಹೆಸರು ಹಿಡಿದು ಕರೆಯಲಿ.